ನಾಳೆ ಸಂಗಮಕ್ಕೆ ಹೋಗುವ ಮಗಳಿಗೆ

ಮಂಡ್ಯ, ಶನಿವಾರ ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾಳೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಡುವ ಪ್ರವಾಸಿ ಬಸ್ಸಿಗೆ ನೀನೊಬ್ಬಳೇ ಗೈಡ್ ಎಂದು ನಿಮ್ಮಮ್ಮನಿಂದ ತಿಳಿಯಿತು. ಬ್ಯಾಂಕ್ ಪರೀಕ್ಷೆಯ ವಿಚಾರದಲ್ಲಿ ನಮ್ಮಿಬ್ಬರ ನಡುವೆ ಬಂದ ಮಾತುಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಫೋನಿನಲ್ಲಾದರೆ ದನಿ ಏರುತ್ತದೆಂದೇ ಬರೆದು ನಿನ್ನ ತಮ್ಮನ ಕೈಲಿ ಕಳುಹಿಸುತ್ತಿದ್ದೇನೆ.

ಪಟ್ಟಣದ ಇತಿಹಾಸವನ್ನು ನನಗಿಂತ ನೀನೇ ಚೆನ್ನಾಗಿ ಬಲ್ಲೆ. 1610ರಲ್ಲಿ ರಾಜ ಒಡೆಯರು ರಾಜಧಾನಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಅದು ಮೈಸೂರಿಗೆ ಮರಳಿದ್ದು, ಇಷ್ಟನ್ನು ಬಸ್ಸು ಸೇತುವೆ ದಾಟುವುದರೊಳಗೆ ಹೇಳಿ ಮುಗಿಸು. ರಂಗನಾಥನ ದರ್ಶನ ಮೊದಲು ಆಗಲಿ, ಮಧ್ಯಾಹ್ನ ಗುಡಿಯ ಬಾಗಿಲು ಹಾಕಿಬಿಡುತ್ತಾರೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಮಾತ್ರ ಆತುರಪಡಬೇಡ. ಟಿಪ್ಪುವಿನ ಹೆಸರೆತ್ತಿದ ಕೂಡಲೇ ಇಬ್ಬರು ವಾದಕ್ಕೆ ನಿಲ್ಲುವುದು ಈಗ ಮಾಮೂಲು. ನೀನು ಯಾರ ಪಕ್ಷವನ್ನೂ ವಹಿಸದೆ ಅವರನ್ನು ಪಶ್ಚಿಮದ ಗೋಡೆಯ ಚಿತ್ರದ ಮುಂದೆ ನಿಲ್ಲಿಸಿ, ಇಂಗ್ಲಿಷರು ಸೋತ 1780ರ ಪೊಳ್ಳಿಲೂರು ಕಾಳಗದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನೂ ಪಲ್ಲಕ್ಕಿಯಲ್ಲಿ ಕುಳಿತ ಅವರ ದಳಪತಿ ಕರ್ನಲ್ ಬೈಲಿ ಬೆರಳು ಕಚ್ಚಿಕೊಂಡಿರುವುದನ್ನೂ ತೋರಿಸು. ವಾದಕ್ಕೆ ನಿಂತವರೂ ಆ ಬೆರಳನ್ನು ಹುಡುಕತೊಡಗುತ್ತಾರೆ.

ನನ್ನ ಹೆದರಿಕೆಯಿರುವುದು ಸಂಗಮದಲ್ಲಿ. ಕವಲೊಡೆದ ಕಾವೇರಿ ದ್ವೀಪವನ್ನು ಬಳಸಿ ಮತ್ತೆ ಕೂಡುವ ಆ ಜಾಗದಲ್ಲಿ ನೀರು ಮೇಲೆ ಸುಮ್ಮನಿದ್ದಂತೆ ಕಂಡರೂ ಒಳಗಿನ ಸೆಳೆತವೇ ಬೇರೆ. ಕನ್ನಂಬಾಡಿ ಕಟ್ಟೆಯ ಗೇಟಿನ ಕೆಲಸದಲ್ಲಿ ಆಯಸ್ಸು ಸವೆಸಿದ ನಾನು ಈಗಲೂ ಪತ್ರಿಕೆ ಬಂದೊಡನೆ ನೋಡುವುದು ಕಟ್ಟೆಯ ಮಟ್ಟವನ್ನೇ. ಅದು ಕಟ್ಟೆ ತುಂಬುವ 124.80 ಅಡಿಯ ಹತ್ತಿರ ಬಂದು, ಅತ್ತ ಕೊಡಗಿನಲ್ಲಿ ಮಳೆ ಹಿಡಿದಿದ್ದರೆ, ಪಟ್ಟಣದಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತದೆ. ಊರಿನವರು ಇದನ್ನು ಬಲ್ಲರು, ಬಸ್ಸಿನಲ್ಲಿ ಬಂದವರು ಅರಿಯರು. ತಿಥಿಗೆಂದು ಬಂದವರು ಮುಳುಗು ಹಾಕುವುದನ್ನು ಕಂಡು ಇವರಿಗೂ ಧೈರ್ಯ ಬರುತ್ತದೆ. "ಮೊಣಕಾಲುದ್ದ ಅಷ್ಟೇ ಮೇಡಂ, ಒಂದೇ ಒಂದು ಫೋಟೊ" ಎನ್ನುತ್ತಾರೆ. ಒಪ್ಪಬೇಡ. ಬೈದರೆ ಬೈಯಿಸಿಕೊ, ಕಚೇರಿಗೆ ದೂರು ಕೊಡುತ್ತೇವೆಂದರೆ ಕೊಡಲಿ. ಮುಂದೆ ನಡೆದು ವಿವರಿಸುವುದು ಗೈಡ್‌ಗಳ ರೂಢಿಯಾದರೂ ಅಲ್ಲಿಂದ ಮೇಲೆ ಬರುವಾಗ ನೀನು ಎಲ್ಲರಿಗಿಂತ ಹಿಂದೆ ಬಾ. ಬಸ್ಸು ಇಳಿದಾಗ ತಲೆ ಎಣಿಸು, ಹತ್ತಿದ ಮೇಲೆ ಮತ್ತೊಮ್ಮೆ ಎಣಿಸು. ಪಾಚಿ ಹಿಡಿದ ಕೊನೆಯ ಮೆಟ್ಟಿಲಿಗೆ ನೀನೂ ಇಳಿಯಬೇಡ.

ಹೇಳಿದ್ದನ್ನೇ ಹೇಳುತ್ತಿದ್ದೇನೆಂದು ನಿನಗನ್ನಿಸಬಹುದು. ಅನ್ನಿಸಲಿ. ಆ ದಿನ "ಊರೂರು ಸುತ್ತುವ ಕೆಲಸ" ಎಂದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಮ್ಮ. ನನ್ನ ಮಗಳು ಗೈಡ್ ಎಂದು ಈ ಬೀದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ನಾನೇ ಹೇಳಿಯಾಗಿದೆ.

ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುವುದರಿಂದ ಜನ ನಿನ್ನನ್ನು ಅವಸರಪಡಿಸುತ್ತಾರೆ. ಆದರೂ ಸಂಗಮದಿಂದ ಬಸ್ಸು ಹೊರಟ ಕೂಡಲೇ ನನಗೊಂದು ಫೋನ್ ಮಾಡು. ಮಾತನಾಡಲು ಮನಸ್ಸಿಲ್ಲದಿದ್ದರೆ ಮಿಸ್ಡ್ ಕಾಲ್ ಕೊಟ್ಟರೂ ಸಾಕು.

ನಿನ್ನ ಅಪ್ಪ