ಡೇಟ್ ಮುಂದೂಡುವ ಮಾತ್ರೆ ಕೇಳಿದ ಮಗಳಿಗೆ

ಪ್ರೀತಿಯ ಪುಟ್ಟಿ,

ಗೃಹಪ್ರವೇಶದ ದಿನವೇ ಮುಟ್ಟಿನ ಡೇಟ್ ಬರುವ ಹಾಗಿದೆ, ಮುಂದೂಡುವ ಮಾತ್ರೆ ಎತ್ತಿಡಮ್ಮಾ ಅಂತ ಮೆಸೇಜ್ ಹಾಕಿದ್ದೀಯ. ನಮ್ಮದೇ ಮೆಡಿಕಲ್ ಶಾಪ್, ಒಂದು ಸ್ಟ್ರಿಪ್ ಎತ್ತಿಡುವುದು ದೊಡ್ಡ ಮಾತಲ್ಲ. ಆದರೂ ಸುಮ್ನೆ ಕೊಡಲು ಮನಸ್ಸಿಲ್ಲ.

ಶ್ರಾವಣ ಬಂತೆಂದರೆ ಈ ಮಾತ್ರೆ ಕೇಳುವವರು ಜಾಸ್ತಿ. ಸೊಸೆಗೆ ಬೇಕು ಅಂತ ಅತ್ತೆಯಂದಿರೇ ಗಟ್ಟಿಯಾಗಿ ಕೇಳುತ್ತಾರೆ. ಮಕ್ಕಳಾಗದ ಮಾತ್ರೆ ಬೇಕಾದವರು ಮಾತ್ರ ಅಂಗಡಿ ಖಾಲಿಯಾಗಲಿ ಅಂತ ಕಾಯುತ್ತಾ ನಿಲ್ಲುತ್ತಾರೆ. ಎರಡೂ ಒಂದೇ ಕುಟುಂಬದ ಔಷಧಿ ಅಂತ ಹೇಳಿದರೆ ಆ ಅತ್ತೆಯಂದಿರು ನಂಬುವುದಿಲ್ಲ!

ನೀನು ಕೇಳಿದ್ದರಲ್ಲಿ ಇರುವುದು ನೊರೆಥಿಸ್ಟೆರಾನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಹಾಗೆ ಕೆಲಸ ಮಾಡುವ ಔಷಧಿ. ನಮ್ಮ ಮೈಯಲ್ಲೇ ತಯಾರಾಗುವ ಆ ಪ್ರೊಜೆಸ್ಟೆರಾನನ್ನು ಹಾಗೇ ನುಂಗಿದರೆ ಲಿವರ್ ಬಹುಪಾಲು ಒಡೆದು ಹಾಕುತ್ತದೆ. 1951ರಲ್ಲಿ ಮೆಕ್ಸಿಕೋ ಸಿಟಿಯ ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸಿ, ಜಾರ್ಜ್ ರೋಸೆನ್‌ಕ್ರಾಂಜ್ ಮತ್ತು ಆಗಿನ್ನೂ ಓದುತ್ತಿದ್ದ ಲೂಯಿಸ್ ಮಿರಾಮಾಂಟೆಸ್, ನುಂಗಿದರೂ ಕೆಲಸ ಮಾಡುವ ಇದನ್ನು ತಯಾರಿಸಿದರು. ಮೂಲ ಸಾಮಗ್ರಿ ಸಿಕ್ಕಿದ್ದು ಅಲ್ಲಿನ ಕಾಡುಗೆಣಸಿನಿಂದ.

ಗರ್ಭನಿರೋಧಕದಲ್ಲಿ ಈ ಜಾತಿಯ ಹಾರ್ಮೋನುಗಳ ಕೆಲಸ ಜಾಣತನದ್ದು. ಅಂಡ ಬಿಡುಗಡೆ ಮಾಡು ಎನ್ನುವ ಸೂಚನೆಯನ್ನೇ ಮೆದುಳು ಕಳಿಸದ ಹಾಗೆ ಮಾಡುತ್ತವೆ. ಗರ್ಭಕೋಶದ ಬಾಯಲ್ಲಿನ ಲೋಳೆ ದಪ್ಪವಾಗಿ ವೀರ್ಯಾಣು ಒಳಗೆ ಹೋಗಲಾರದು. ಮಾಲಾ-ಡಿ ಗರ್ಭನಿರೋಧಕ ಮಾತ್ರೆಯಲ್ಲಿ ಇರುವ ಲೆವೊನೊರ್ಜೆಸ್ಟ್ರೆಲ್, ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಎಲ್ಲವೂ ಇದರ ನೆಂಟರೇ.

ವ್ಯತ್ಯಾಸ ಇರುವುದು ಡೋಸಿನಲ್ಲಿ. ನೊರೆಥಿಸ್ಟೆರಾನ್ ಒಂದೇ ಇರುವ ಗರ್ಭನಿರೋಧಕ ಮಾತ್ರೆಯಲ್ಲಿ ದಿನಕ್ಕೆ 0.35 ಮಿಲಿಗ್ರಾಂ. ಡೇಟ್ ಮುಂದೂಡಲು 5 ಮಿಲಿಗ್ರಾಂನದ್ದು ದಿನಕ್ಕೆ ಮೂರು. ನಲವತ್ತು ಪಟ್ಟಿಗಿಂತ ಜಾಸ್ತಿ ಆಯ್ತಲ್ವಾ? ಅಷ್ಟಾದರೂ ಹೀಗೆ ನುಂಗಿದರೆ ಗರ್ಭ ತಡೆಯುತ್ತದೆ ಅಂತ ನಂಬಬೇಡ. ಡೇಟಿಗೆ ಮೂರು ದಿನ ಇರುವಾಗ ಶುರು ಮಾಡುವ ಮಾತ್ರೆ ಇದು. ಅಷ್ಟರಲ್ಲಿ ಅಂಡ ಹೊರಬಂದು ಎಷ್ಟೋ ದಿನವಾಗಿರುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಬರದಿದ್ದರೆ ಟೆಸ್ಟ್ ಮಾಡಿಸಬೇಕು.

ನನಗೆ ಚಿಂತೆ ಬೇರೆಯದು. ಇಷ್ಟು ಡೋಸಿನಲ್ಲಿ ಇದರ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ನಿನ್ನ ತಮ್ಮ ಹುಟ್ಟಿದ ಮೇಲೆ ನನಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನೀನಾಗ ಚಿಕ್ಕವಳು, ನೆನಪಿರಲಿಕ್ಕಿಲ್ಲ. ಡಾಕ್ಟರನ್ನು ಕಂಡು ಅದನ್ನು ಮೊದಲು ಹೇಳು. ತಲೆನೋವು ಬರುವ ಮುಂಚೆ ನಿನಗೆ ಕಣ್ಣ ಮುಂದೆ ಮಿಂಚಿದ ಹಾಗಾಗುತ್ತದಲ್ಲ, ಅದನ್ನೂ ಹೇಳು.

ಅವರು ಚೀಟಿ ಬರೆದರೆ ಫೋಟೋ ಕಳಿಸು, ಮಾತ್ರೆ ಎತ್ತಿಡುತ್ತೇನೆ. ಬೇಡ ಅಂದರೆ ಹಾಗೇ ಬಾ. ಅಜ್ಜಿ ಏನಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ
ಅಮ್ಮ