ಕಟರ್ ಅಂಗಡಿಯ ಬಾಕಿ ಪುಸ್ತಕ

ಸಂಪಾದಕರಿಗೆ ನಮಸ್ಕಾರ.

ಫೆಬ್ರವರಿಯಲ್ಲಿ ನಿಮ್ಮ ಪತ್ರಿಕೆಯ ನಿಧನ ಕಾಲಂನಲ್ಲಿ ನಮ್ಮ ಮನೆಯವರ ಬಗ್ಗೆ ನಾಲ್ಕು ಸಾಲು ಬಂದಿತ್ತು. ಫೋಟೊ ಚೆನ್ನಾಗಿ ಬಂದಿತ್ತು. ಅದರಲ್ಲಿ ‘ಉದ್ಯಮಿ’ ಅಂತ ಬರೆದಿದ್ದಿರಿ. ಇವರು ಓದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಡಿಕೇರಿ ಮಹದೇವಪೇಟೆಯಿಂದ ಒಳಗೆ ಇಳಿದರೆ ಸಿಗುವ 10 ಅಡಿ ಅಗಲ, 12 ಅಡಿ ಉದ್ದದ ಅಂಗಡಿ ನಮ್ಮದು. ತೋಟದಲ್ಲಿ ಕಾಡು ಕಡಿಯುವ ಮಿಷನ್, ಅಂದರೆ ವೀಡ್ ಕಟರ್, ಮರ ಕೊಯ್ಯುವ ಚೈನ್ ಸಾ, ಔಷಧಿ ಹೊಡೆಯುವ ಸ್ಪ್ರೇಯರ್ ರಿಪೇರಿ. ಬೋರ್ಡು ಇಲ್ಲ. ಎಲ್ಲರೂ ಕಟರ್ ಅಂಗಡಿ ಅಂತಲೇ ಕರೆಯುತ್ತಾರೆ.

ಈ ಪತ್ರ ಬರೆಯಲು ಒಂದು ಕಾರಣ ಇದೆ. ಅಂಗಡಿಯಲ್ಲಿ ಈಗಲೂ 14 ಕಟರ್, 3 ಚೈನ್ ಸಾ, 2 ಸ್ಪ್ರೇಯರ್ ಉಳಿದಿವೆ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಅವು ಬೇಕು. ಆದರೆ ಯಾವುದು ಯಾರದ್ದು ಅಂತ ನನಗೂ ಮಗನಿಗೂ ಗೊತ್ತಾಗುತ್ತಿಲ್ಲ. ಯಾಕೆಂದರೆ ಇವರು ಬಾಕಿ ಪುಸ್ತಕದಲ್ಲಿ ಒಬ್ಬರ ಹೆಸರನ್ನೂ ಸರಿಯಾಗಿ ಬರೆದಿಲ್ಲ.

ಬರೆದಿರುವುದು ಹೀಗಿದೆ ನೋಡಿ: ‘ಕೆಂಪು ಜೀಪು, ಹಾರ್ನ್ ಇಲ್ಲ – 650.’ ‘ನಾಳೆ ಬರ್ತೇನೆ – 1,200.’ ‘ಸಿದ್ದಾಪುರ, ಆನೆ ಕಂಡು ಮಿಷನ್ ಬಿಟ್ಟು ಓಡಿದವರು – ಕ್ಲಚ್, 900.’ ‘ಗಾಳಿಬೀಡು, ಸಕ್ಕರೆ ಬೇಡ.’ ‘ಮೂರ್ನಾಡು ಜಿಗಣೆ – 300 ಬಿಟ್ಟೆ, ಇನ್ನೂ 400.’ ಜಿಗಣೆ ಅಂದರೆ ಚೌಕಾಸಿ ಶುರು ಮಾಡಿದರೆ ಬಿಡದವರು ಅಂತ ಊಹೆ. ಈಗ ನಾನು ಯಾರನ್ನು ಅಂತ ಹೋಗಿ ‘ನೀವೇನಾ ಜಿಗಣೆ?’ ಅಂತ ಕೇಳಲಿ?

ಇವರ ಸ್ವಭಾವವೇ ಹಾಗಿತ್ತು. ನಾನು ಅರಕಲಗೂಡಿನ ಕಡೆಯವಳು. 1998ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಆ ವರ್ಷ ಆಗಸ್ಟ್ 3ಕ್ಕೆ ಮನೆಯಲ್ಲಿ ಏನೋ ಸೊಪ್ಪು ಬೇಯಿಸಿದ್ದರು. ಆ ದಿನಕ್ಕೆ ಕೊಡವರು ಕಕ್ಕಡ 18 ಅನ್ನುತ್ತಾರೆ, ನಮ್ಮವರ ಕಡೆ ಆಟಿ 18, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ. ಆ ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿ ಹಾಕಿ ಪಾಯಸ. 18 ಬಗೆಯ ಔಷಧಿ ಆ ದಿನ ಸೊಪ್ಪಿನಲ್ಲಿ ಸೇರಿರುತ್ತದೆ ಅನ್ನುವ ನಂಬಿಕೆ. ಇವರು ನನಗೆ ಅದನ್ನೆಲ್ಲ ಹೇಳಿದರು, ‘ಹೊಸಬರು ಎರಡು ಲೋಟ ಕುಡಿಯಬೇಕು ಮಾರಾಯ್ತಿ’ ಅಂತ ಒತ್ತಾಯವನ್ನೂ ಮಾಡಿದರು. ಮಾರನೇ ದಿನ ಏನಾಗುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗೆ ಹೇಳುತ್ತೇನೆ: ಮೂತ್ರ ಕೆಂಪಗೆ ಹೋಗುತ್ತದೆ. ನಾನು ನನ್ನ ಕಥೆ ಮುಗಿಯಿತು ಅಂದುಕೊಂಡು ಬಚ್ಚಲಿನಿಂದ ಅಳುತ್ತಾ ಹೊರಗೆ ಬಂದರೆ, ಇವರು, ಮೈದುನಂದಿರು, ಕೊನೆಗೆ ನಮ್ಮ ಅತ್ತೆ ಸಮೇತ ಜಗಲಿಯಲ್ಲಿ ಸಾಲಾಗಿ ಕೂತು ಕಾಯುತ್ತಿದ್ದರು! ಎರಡು ದಿನ ಇವರ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ನನಗೇ ನಗು ಬಂತು.

ಅಂಗಡಿಯಲ್ಲೂ ಅದೇ ಕಥೆ. ಕಟರ್‌ಗೆ ಬರೀ ಪೆಟ್ರೋಲ್ ಹಾಕಿ ಓಡಿಸಬಾರದು, ಟೂ-ಟಿ ಆಯಿಲ್ ಬೆರೆಸಬೇಕು. ಇಲ್ಲದಿದ್ದರೆ ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎಷ್ಟು ಹೇಳಿದರೂ ವರ್ಷಕ್ಕೆ ನಾಲ್ಕೈದು ಜನ ಮರೆಯುತ್ತಾರೆ. ಹಾಗೆ ಕೆಟ್ಟ ಪಿಸ್ಟನ್‌ಗಳನ್ನು ಇವರು ಎಸೆಯುತ್ತಿರಲಿಲ್ಲ. ತೊಳೆದು, ಗೋಡೆಯ ಹಲಗೆ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದರು. ಚೀಟಿಯಲ್ಲಿ ಗಿರಾಕಿಯ ಅಡ್ಡಹೆಸರು, ಕೆಳಗೆ ‘ಸ್ವರ್ಗಸ್ಥ’ ಅಂತ ತಾರೀಕು. ಆಯುಧಪೂಜೆ ದಿನ ಆ ಸಾಲಿಗೂ ಒಂದೊಂದು ಹೂವು. ಗಿರಾಕಿಗಳು ಸಿಟ್ಟಾಗುತ್ತಿರಲಿಲ್ಲ. ತಮ್ಮ ಪಿಸ್ಟನ್ ಎಲ್ಲಿದೆ ಅಂತ ಹುಡುಕಿ ಜೊತೆಯವರಿಗೆ ತೋರಿಸುತ್ತಿದ್ದರು.

ದಸರಾ ಬಂತೆಂದರೆ ಇವರು ಮನೆಗೆ ಸಿಗುತ್ತಿರಲಿಲ್ಲ. ನಮ್ಮ ದಶಮಂಟಪಗಳಲ್ಲಿ, ಅಂದರೆ ದಸರಾ ಮೆರವಣಿಗೆಗೆ ಬರುವ ಹತ್ತು ದೇವಸ್ಥಾನಗಳ ಮಂಟಪಗಳಲ್ಲಿ, ಒಂದಕ್ಕೆ ರಾಕ್ಷಸನ ಕೈ ಎತ್ತಿಸುವುದು, ತಲೆ ಆಡಿಸುವುದು ಇವರ ಕೆಲಸ. ಯಾವ ಮಂಟಪ ಅಂತ ಹೇಳುವುದಿಲ್ಲ, ಹೇಳಿದರೆ ಉಳಿದ ಒಂಬತ್ತರವರು ಮುನಿಸಿಕೊಂಡಾರು. ಗುಜರಿಯಿಂದ ಲಾರಿಯ ವೈಪರ್ ಮೋಟರ್ ತಂದು ಜೋಡಿಸುತ್ತಿದ್ದರು. ಒಂದು ವರ್ಷ ವಿಜಯದಶಮಿ ರಾತ್ರಿ, ತೀರ್ಪುಗಾರರು ಇನ್ನೇನು ಬರಬೇಕು, ಮೋಟರ್ ಸುಟ್ಟು ಹೋಯಿತು. ಇವರು ಟ್ರ್ಯಾಕ್ಟರ್ ಹತ್ತಿ ರಾಕ್ಷಸನ ಬೆನ್ನ ಹಿಂದೆ ಕುಳಿತು, ಹಗ್ಗ ಕಟ್ಟಿ, ಕೈಯಲ್ಲೇ ಎಳೆದರು. ಬೆಳಗಿನ ಜಾವ ನಾಲ್ಕರವರೆಗೆ! ಆಗ ಮಗಳಿಗೆ ಆರು ವರ್ಷ. ನನ್ನ ಹೆಗಲ ಮೇಲೆ ಕೂತು, ‘ಅಮ್ಮಾ, ರಾಕ್ಷಸ ಪಪ್ಪನ ಚಪ್ಪಲಿ ಹಾಕ್ಕೊಂಡಿದ್ದಾನೆ’ ಅಂತ ಕಿರುಚಿದಳು. ಥರ್ಮಾಕೋಲ್ ಕಾಲುಗಳ ಸಂದಿಯಲ್ಲಿ ಇವರ ಹವಾಯಿ ಚಪ್ಪಲಿ ಕಾಣುತ್ತಿತ್ತು. ಬಹುಮಾನ ಬರಲಿಲ್ಲ ಬಿಡಿ.

ಎಲ್ಲ ಹೊತ್ತಲ್ಲೂ ಈ ತಮಾಷೆ ನನಗೆ ಹಿಡಿಸುತ್ತಿತ್ತು ಅಂತ ಸುಳ್ಳು ಹೇಳುವುದಿಲ್ಲ. ಸಾಲ ಕೊಡುವುದು ಜಾಸ್ತಿ, ವಸೂಲಿ ಕಡಿಮೆ. ಒಮ್ಮೆ ಬ್ಯಾಂಕಿನಿಂದ ನೋಟಿಸ್ ಬಂತು. ಓದಿದವರೇ ಅದರಲ್ಲಿ ದೋಣಿ ಮಾಡಿ, ಅಂಗಳದಲ್ಲಿ ಹರಿಯುತ್ತಿದ್ದ ಮಳೆನೀರಿಗೆ ಬಿಡು ಅಂತ ಮಗನ ಕೈಗೆ ಕೊಟ್ಟರು. ಅವತ್ತು ನನಗೆ ನಿಜವಾಗಲೂ ಕೋಪ ಬಂದಿತ್ತು. ರಾತ್ರಿ ಎದ್ದು ನೋಡಿದರೆ, ಅದೇ ಕಾಗದವನ್ನು ಒಣಗಿಸಿ, ಜಗಲಿ ಲೈಟಿನ ಕೆಳಗೆ ಕೂತು ಕ್ಯಾಲ್ಕುಲೇಟರ್ ಒತ್ತುತ್ತಿದ್ದರು. ಕೂಡಿಸಿ, ಅಳಿಸಿ, ಮತ್ತೆ ಕೂಡಿಸಿ. ನಾನು ನೋಡಿದ್ದು ಇವರಿಗೆ ಗೊತ್ತಾಗಲಿಲ್ಲ. ಸುಮ್ನೆ ಹೋಗಿ ಮಲಗಿದೆ.

2018ರ ಆಗಸ್ಟ್ ನೆನಪಿದೆ ಅಲ್ವಾ? ಗುಡ್ಡಗಳು ಜಾರಿ, ಜೋಡುಪಾಲದ ಹತ್ತಿರ ಮಂಗಳೂರು ರಸ್ತೆ ಕುಸಿದು, ಕರೆಂಟೇ ಇಲ್ಲ. ಇವರು ರಿಪೇರಿಗೆ ಬಂದಿದ್ದ ಒಂದು ಜನರೇಟರನ್ನು ಅಂಗಡಿ ಮುಂದೆ ಇಟ್ಟು ಓಡಿಸಿದರು. ರಟ್ಟಿನ ಮೇಲೆ ಬರೆದು ತೂಗು ಹಾಕಿದ್ದರು: ‘ಮೊಬೈಲ್ ಚಾರ್ಜಿಗೆ ದುಡ್ಡು ಬೇಡ, ಒಂದು ಜೋಕು ಹೇಳಿ.’ ಜನ ಹೇಳಿದರು ಕೂಡ. ಎರಡನೇ ದಿನ ಮಕ್ಕಂದೂರು ಕಡೆಯ ಒಬ್ಬರು ಬಂದರು. ಮನೆ ಹೋಗಿತ್ತು. ರಟ್ಟು ಓದಿ, ಫೋನ್ ಹಿಡಿದುಕೊಂಡು ಹಾಗೇ ನಿಂತರು. ಇವರು ಏನೂ ಮಾತಾಡದೆ ಫೋನ್ ಇಸ್ಕೊಂಡು ಚಾರ್ಜಿಗೆ ಹಾಕಿದರು. ಆಮೇಲೆ ರಟ್ಟನ್ನು ಹಿಂದುಮುಂದು ತಿರುಗಿಸಿ ನೇತುಹಾಕಿದರು. ಆಮೇಲೆ ಒಂದು ವಾರ ಚೈನ್ ಸಾ ಹಿಡಿದುಕೊಂಡು ರಸ್ತೆಗೆ ಬಿದ್ದ ಮರ ಕೊಯ್ಯಲು ಹೋದರು. ಅದಕ್ಕೂ ಬಾಕಿ ಪುಸ್ತಕದಲ್ಲಿ ಒಂದು ಪುಟ ಇದೆ. ಮೇಲೆ ‘ಮಳೆರಾಯ’ ಅಂತ ಬರೆದು, ಪೆಟ್ರೋಲ್ ಲೆಕ್ಕ ಹಾಕಿದ್ದಾರೆ. ವಸೂಲಿ ಕಾಲಂ ಖಾಲಿ.

ಫೆಬ್ರವರಿಯ ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎದೆನೋವು ಅಂದರು. ಮೈಸೂರಿಗೆ ಹೊರಟ ಆಂಬುಲೆನ್ಸ್ ಕುಶಾಲನಗರ ದಾಟಲಿಲ್ಲ.

ಈಗ ಮಗಳು ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದಾಳೆ. ಅಣ್ಣ ತಂಗಿ ಇಬ್ಬರೂ ಕೂತು ಪುಸ್ತಕದ ಒಗಟು ಬಿಡಿಸುತ್ತಿದ್ದಾರೆ. ಕಾರ್ಬ್ಯುರೇಟರ್ ಬಿಚ್ಚುವುದನ್ನು ಇವರು ಮೊದಲು ಕಲಿಸಿದ್ದು ಮಗಳಿಗೆ, ಮಗನಿಗಲ್ಲ. ಅವಳೇ ಆರು ಮಿಷನ್ ರೆಡಿ ಮಾಡಿದಳು. ಕಳೆದ ಶುಕ್ರವಾರ ಸಂತೆಗೆ ಬಂದ ಒಬ್ಬರು ಅಂಗಡಿ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ‘ಅಕ್ಕ, ನಾನೇ ನಾಳೆ ಬರ್ತೇನೆ’ ಅಂದರು. ‘ಆಗಲಿ, ನಾಳೆ ಬನ್ನಿ’ ಅಂದೆ. ಆಮೇಲೆ ಅವರ ಕಣ್ಣು ನೋಡಿ ಅರ್ಥವಾಯಿತು. 1,200 ರೂಪಾಯಿ ಎಣಿಸಿ ಕೊಟ್ಟರು.

ಪುಸ್ತಕದ ಕೊನೇ ಪುಟದಲ್ಲಿ ಇನ್ನೊಂದು ಇತ್ತು: ‘ಆಟಿಸೊಪ್ಪು – ಮಿಕ್ಸಿ – ಬ್ರಷ್ ಹಾಕಬೇಕು – ದಿನಾ ಬೈಯ್ತಾರೆ.’ ಇದು ಯಾರು ಅಂತ ಮಕ್ಕಳು ತಲೆ ಕೆಡಿಸಿಕೊಂಡಿದ್ದರು. ನಾನು ಹೇಳಲಿಲ್ಲ. ಮಿಕ್ಸಿ ಮೇಜಿನ ಕೆಳಗೇ ಇದೆ, ಹಾಗೇ ಇರಲಿ ಅಂದೆ.

ಮಿಷನ್ ಕೊಟ್ಟವರು ದಯವಿಟ್ಟು ಬನ್ನಿ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5. ರೆಡಿ ಆಗದಿರುವುದನ್ನು ಹಾಗೇ ತೆಗೆದುಕೊಂಡು ಹೋಗಬಹುದು, ಅದಕ್ಕೆ ದುಡ್ಡು ಬೇಡ. ಮೂರ್ನಾಡಿನವರು ನಾಚಿಕೊಳ್ಳಬೇಡಿ. ಅಡ್ಡಹೆಸರು ಹೇಳುವುದು ಬೇಡ, ಮಿಷನಿನ ಬಣ್ಣ ಹೇಳಿದರೆ ಸಾಕು.

– ಕಟರ್ ಅಂಗಡಿಯವರ ಹೆಂಡತಿ, ಮಡಿಕೇರಿ