ಗುಂಡಿ ಮುಚ್ಚುವ ಮೊದಲು ಪೈಪಿನ ಜಾಗ ಬರೆದಿಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಬೆಂಗಳೂರಿನ ನಮ್ಮ ಬೀದಿಯಲ್ಲಿ ಕೇಬಲ್ ಹಾಕಲು ಬಂದವರು ಕಾವೇರಿ ಪೈಪು ಒಡೆದುಬಿಟ್ಟರು. ಮೂರು ದಿನ ನೀರಿಲ್ಲ. ಕೆಲಸದವರನ್ನು ಬೈದು ಏನು ಮಾಡೋದು? ಅವರ ಕೈಯಲ್ಲಿದ್ದ ನಕ್ಷೆಯಲ್ಲಿ ಪೈಪು ಎಡಗಡೆ ನೆಟ್ಟಗೆ ಹೋಗಿತ್ತು, ಆದರೆ ನೆಲದೊಳಗೆ ಅದು ಹೊಂಗೆ ಮರದ ಹತ್ತಿರ ಬಲಕ್ಕೆ ತಿರುಗಿತ್ತು. ಮುಂದೆ ಅದು ಎಲ್ಲಿ ಹೋಗಿದೆ ಎಂದು ತೋರಿಸಿದ್ದು ನಮ್ಮ ಏರಿಯಾಗೆ ವರ್ಷಗಟ್ಟಲೆ ನೀರು ಬಿಟ್ಟು ಈಗ ನಿವೃತ್ತರಾಗಿರುವ ವಾಲ್ವ್‌ಮನ್. ಚಪ್ಪಲಿಯಲ್ಲೇ ಮಣ್ಣಿನ ಮೇಲೆ ಗೆರೆ ಎಳೆದು, "ಇಲ್ಲಿ ಬಂಡೆ ಸಿಕ್ತು ಸಾರ್, ಅದಕ್ಕೇ ಆಗ ಬೆಂಡ್ ಹಾಕಿ ತಿರುಗಿಸಿದ್ರು" ಎಂದರು. ಅಗೆದು ನೋಡಿದರೆ ಪೈಪು ಅಲ್ಲೇ ಇತ್ತು.

ಊರಿನಲ್ಲಿ ಜಿಐಎಸ್ (ಜಾಗದ ಮಾಹಿತಿ ತುಂಬಿದ ಕಂಪ್ಯೂಟರ್ ನಕ್ಷೆ) ಇಲ್ಲ ಅಂತಲ್ಲ. ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ರಸ್ತೆ ಅಗೆಯಲು ಎಲ್ಲರೂ ಒಂದೇ ಕಡೆ ಅನುಮತಿ ಕೇಳಲಿ ಎಂದು ಪಾಲಿಕೆ ಪೋರ್ಟಲ್ ಮಾಡಿತ್ತು. ಅಗೆಯುವ ಮೊದಲು ಪೈಪು, ಕೇಬಲ್‌ನವರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತು. ಆದರೆ ಒಳಗೆ ಹಾಕಿದ ಮಾಹಿತಿಯೇ ತಪ್ಪಾಗಿದ್ದರೆ ಆ್ಯಪ್ ತಾನೇ ಏನು ಮಾಡುತ್ತದೆ? ಎಷ್ಟೋ ಕಡೆ ಕಂಪ್ಯೂಟರ್‌ಗೆ ಹೋಗುವುದು ಕೆಲಸಕ್ಕೆ ಮೊದಲು ಬರೆದ ಡ್ರಾಯಿಂಗ್. ಕೆಲಸದ ವೇಳೆ ಬಂಡೆ ಸಿಗುತ್ತದೆ, ಹಳೇ ಚರಂಡಿ ಅಡ್ಡ ಬರುತ್ತದೆ, ಪೈಪು ನಾಲ್ಕು ಅಡಿ ಪಕ್ಕಕ್ಕೆ ಹೋಗುತ್ತದೆ. ಅದನ್ನು ಯಾರೂ ತಿದ್ದುವುದಿಲ್ಲ. ಎಷ್ಟು ಆಳದಲ್ಲಿದೆ ಅನ್ನೋದಂತೂ ಬರೆದಿರುವುದೇ ಅಪರೂಪ.

ನನ್ನ ಕೋರಿಕೆ ಇಷ್ಟೇ. ಗುಂಡಿ ತೆರೆದಿರುವಾಗಲೇ ಪೈಪು ತಿರುಗುವ ಪ್ರತಿ ಜಾಗ, ಆಳ, ಅಳತೆ, ಹಾಕಿದ ವರ್ಷ ಎಲ್ಲವನ್ನೂ ದಾಖಲಿಸಿ, ಫೋಟೋ ಸಮೇತ ನಕ್ಷೆಗೆ ಸೇರಿಸಲಿ. ಅಲ್ಲಿಯವರೆಗೆ ಗುತ್ತಿಗೆದಾರರ ಕೊನೆಯ ಬಿಲ್ ಪಾಸ್ ಮಾಡಬಾರದು. ಸುಮ್ನೆ ಮೊಬೈಲ್ ಜಿಪಿಎಸ್ ಹಿಡಿದರೆ ಸಾಲದು, ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ನಮ್ಮ ಇಕ್ಕಟ್ಟಿನ ಬೀದಿಯಲ್ಲಿ ಅಷ್ಟು ತಪ್ಪಿದರೆ ಪೈಪು ಯಾರದೋ ಮನೆಯ ಅಡುಗೆಕೋಣೆಯಲ್ಲಿ ಇದ್ದಂತೆ ಕಾಣುತ್ತದೆ ಅಲ್ವಾ? ಸರ್ವೆಯವರು ಬಳಸುವ, ಜಾಗವನ್ನು ಇನ್ನೂ ನಿಖರವಾಗಿ ತೋರಿಸುವ ಡಿಜಿಪಿಎಸ್ ಉಪಕರಣವೇ ಬೇಕು. ಮುಚ್ಚಿ ಡಾಂಬರು ಹಾಕಿದ ಮೇಲೆ ನೆಲದೊಳಗೆ ಇರುವುದನ್ನು ಪತ್ತೆ ಮಾಡುವ ರೇಡಾರ್ ತಂದು ಹುಡುಕುವುದಕ್ಕೆ ಖರ್ಚು ಜಾಸ್ತಿ.

2025ರಲ್ಲಿ ಊರು ಐದು ಪಾಲಿಕೆಗಳಾಗಿದೆ. ಒಂದೇ ದೊಡ್ಡ ಪೈಪು ಎರಡು ಪಾಲಿಕೆ ದಾಟಿ ಹೋಗುತ್ತದೆ. ನೀರು, ಕರೆಂಟು, ಗ್ಯಾಸ್, ಫೈಬರ್ ಎಲ್ಲದರ ನಕ್ಷೆಯೂ ಒಂದೇ ಕಡೆ ಇರಲಿ, ತಿದ್ದುವ ಹೊಣೆ ಯಾರದು ಎಂದು ಹೆಸರು ಹಿಡಿದು ಹೇಳಲಿ.

ಇನ್ನೊಂದು ಮಾತು. ಹಳೇ ವಾಲ್ವ್‌ಮನ್‌ಗಳನ್ನು, ಲೈನ್‌ಮನ್‌ಗಳನ್ನು ಕರೆದು, ಗೌರವಧನ ಕೊಟ್ಟು, ಬೀದಿ ಬೀದಿ ಜೊತೆಗೆ ನಡೆದು ಅವರಿಗೆ ಗೊತ್ತಿರುವುದನ್ನು ಈಗಲೇ ನಕ್ಷೆಗೆ ಹಾಕಿಕೊಳ್ಳಿ. ನಮ್ಮ ಏರಿಯಾದ ಆ ವಾಲ್ವ್‌ಮನ್ ಹಿಂದಿನ ಬೀದಿಯಲ್ಲೇ ಇದ್ದಾರೆ. ಯಾರಾದರೂ ಕರೆದರೆ ಬೆಳಿಗ್ಗೆಯೇ ಬರುತ್ತೇನೆ ಎಂದಿದ್ದಾರೆ.

– ಒಬ್ಬ ಓದುಗ, ಬೆಂಗಳೂರು